ವಿದ್ಯೆಗೆ ಹೆಸರಾದ ರಾಜ್ಯ ಕಟ್ಟೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲ್ಪನೆಯ ರಾಜ್ಯ ಕಟ್ಟಿ ಕತೆ ಬರೆಯೋರು ಏನಾದರೂ ಕೇಳೋದಿದ್ದರೆ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಯುದ್ಧ, ಡ್ರ್ಯಾಗನ್, ಸಿಂಹಾಸನದ ಪ್ರಶ್ನೆಗಳೇ ಬರುತ್ತವೆ ಅಂದುಕೊಂಡಿದ್ದೆ. ಆದರೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಓದು-ಬರಹಕ್ಕೇ ಹೆಸರಾದ ರಾಜ್ಯದ ಬಗ್ಗೆ ಇದ್ದವು. ತುಂಬಾ ಖುಷಿಯಾಯಿತು. ನನಗೆ ಬಹಳ ಹತ್ತಿರದ ವಿಷಯ ಇದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನನ್ನ ಕಾದಂಬರಿಯಲ್ಲಿ ಒಂದು ವಿದ್ಯಾರಾಜ್ಯ ಇದೆ. ಬೆಟ್ಟದ ತುದಿಯಲ್ಲಿ ಏಳು ಗೋಪುರ, ಒಂದು ಲಕ್ಷ ಪುಸ್ತಕ, ಅವನ್ನು ನೋಡಿಕೊಳ್ಳೋಕೆ ಒಬ್ಬ ಮುದಿ ಗ್ರಂಥಪಾಲಕ, ಬಿಳಿ ಗಡ್ಡದ ಪಂಡಿತರು, ಒಬ್ಬ ಕಳ್ಳ. ಅಚ್ಚಿನ ಯಂತ್ರ ಇನ್ನೂ ಬಂದಿಲ್ಲ. ಓದಿದ ಗೆಳೆಯರು ವರ್ಣನೆ ಚೆನ್ನಾಗಿದೆ, ಆದರೆ ಅಲ್ಲಿ ಯಾರೂ ಬದುಕುತ್ತಿರುವ ಹಾಗೆ ಅನಿಸೋದಿಲ್ಲ ಅಂದರು. ಎಲ್ಲಿ ತಪ್ಪಿದೆ?

ನಿಮ್ಮ ಆ ಒಂದು ಲಕ್ಷ ಪುಸ್ತಕದಿಂದಲೇ ಶುರು ಮಾಡೋಣ. ಅವು ಅಲ್ಲಿಗೆ ಹೇಗೆ ಬಂದವು?

ಅಚ್ಚು ಇಲ್ಲ ಅಂದಮೇಲೆ ಪ್ರತಿಯೊಂದನ್ನೂ ಯಾರೋ ಕೂತು ಕೈಯಲ್ಲೇ ಬರೆದಿರಬೇಕು, ಅಲ್ವಾ? ಒಬ್ಬ ಲಿಪಿಕಾರ ದಿನಕ್ಕೆ 10 ಪುಟ ಬರೆಯುತ್ತಾನೆ, ಒಂದು ಪುಸ್ತಕಕ್ಕೆ 300 ಪುಟ ಅಂತ ಇಟ್ಟುಕೊಳ್ಳಿ. ಒಂದು ಪುಸ್ತಕಕ್ಕೆ ಒಂದು ತಿಂಗಳಾಯಿತು. 100 ಜನ ಒಂದು ದಿನವೂ ರಜೆ ಇಲ್ಲದೆ ಬರೆದರೂ ಲಕ್ಷ ಪುಸ್ತಕಕ್ಕೆ 83 ವರ್ಷ ಬೇಕು. ಅಜ್ಜ ಶುರು ಮಾಡಿದ ಕೆಲಸವನ್ನು ಮೊಮ್ಮಗ ಮುಗಿಸಬೇಕು. ಮುಗಿಯಿತು ಅನ್ನುವ ಹೊತ್ತಿಗೆ ಅಜ್ಜ ಬರೆದದ್ದಕ್ಕೆ ಹುಳ ಹಿಡಿದಿರುತ್ತದೆ. ಒಂದು ಪ್ರತಿ 200 ವರ್ಷ ಬಾಳುತ್ತದೆ ಅಂದುಕೊಂಡರೆ ವರ್ಷಕ್ಕೆ 500 ಪುಸ್ತಕ ಮತ್ತೆ ನಕಲು ಮಾಡಬೇಕು. ಅಂದರೆ ಹೊಸದು ಒಂದಕ್ಷರವೂ ಸೇರದೆ, ಇದ್ದದ್ದನ್ನು ಉಳಿಸಿಕೊಳ್ಳೋಕೇ 40ಕ್ಕಿಂತ ಜಾಸ್ತಿ ಜನ ಬೆಳಗಿಂದ ಸಂಜೆವರೆಗೆ ಬರೆಯುತ್ತಲೇ ಇರಬೇಕು.

ಈಗ ನಿಮ್ಮ ಗೋಪುರದಲ್ಲಿ ಜನ ಬಂದರು ನೋಡಿ. ಬೆನ್ನು ಬಾಗಿದವರು, ಕಣ್ಣು ಮಂಜಾದವರು, ತಪ್ಪು ಬರೆದು ಬೈಸಿಕೊಂಡವರು. ನಿಮ್ಮ ಬಿಳಿ ಗಡ್ಡದವರಿಗಿಂತ ಇವರು ಸಂಖ್ಯೆಯಲ್ಲಿ ಜಾಸ್ತಿ.

ಇವರಿಗೆಲ್ಲ ಊಟ ಎಲ್ಲಿಂದ? ನಳಂದಾ ಬಗ್ಗೆ ಶಾಲೆಯಲ್ಲಿ ಓದಿದ್ದೀರಿ. 7ನೇ ಶತಮಾನದಲ್ಲಿ ಅಲ್ಲಿ ಕಲಿತ ಹ್ಯೂಯೆನ್‌ತ್ಸಾಂಗ್‌ನ ಜೀವನಚರಿತ್ರೆಯಲ್ಲಿ ಇದಕ್ಕೆ ಉತ್ತರ ಇದೆ. ರಾಜ ಸುಮಾರು 100 ಹಳ್ಳಿಗಳ ಆದಾಯವನ್ನು ನಳಂದಾಕ್ಕೆ ಬಿಟ್ಟುಕೊಟ್ಟಿದ್ದ. ಆ ಹಳ್ಳಿಗಳ 200 ಮನೆಯವರು ದಿನಾ ಅಕ್ಕಿ, ಬೆಣ್ಣೆ, ಹಾಲು ತಂದು ಒಪ್ಪಿಸುತ್ತಿದ್ದರು. ಕಲಿಯುವವನು ಊಟಕ್ಕಾಗಿ ಅಲೆಯಬೇಕಾಗಿರಲಿಲ್ಲ, ಅದಕ್ಕೇ ಅಲ್ಲಿ ಓದು ಅಷ್ಟು ಬೆಳೆಯಿತು ಅಂತ ಚರಿತ್ರೆಕಾರ ಸ್ಪಷ್ಟವಾಗಿ ಬರೆದಿದ್ದಾನೆ.

ನನ್ನ ಸಲಹೆ ಕೇಳಿದರೆ ಕತೆಯನ್ನು ಗೋಪುರದಿಂದ ಶುರು ಮಾಡಬೇಡಿ, ಬೆಟ್ಟ ಹತ್ತುವ ದಾರಿಯಿಂದ ಶುರು ಮಾಡಿ. ಇನ್ನೂ ಕತ್ತಲೆ. ಗಾಡಿಗಳು ಸಾಲಾಗಿ ಹತ್ತುತ್ತಿವೆ. ಮೇಲೆ ಉಗ್ರಾಣದ ಬಾಗಿಲಲ್ಲಿ ಒಬ್ಬ ಹೆಂಗಸು ದೀಪದ ಎಣ್ಣೆ ಅಳೆದು ಕೊಡುತ್ತಿದ್ದಾಳೆ. ಅವಳಿಗೆ ಅಕ್ಷರ ಬರೋದಿಲ್ಲ. ಆದರೆ ಯಾವ ಪಂಡಿತ ರಾತ್ರಿಯೆಲ್ಲ ಓದುತ್ತಾನೆ, ಯಾರು ಓದುತ್ತೇನೆ ಅಂತ ಹೇಳಿ ಮಲಗುತ್ತಾನೆ ಅಂತ ಇಡೀ ರಾಜ್ಯದಲ್ಲಿ ಸರಿಯಾಗಿ ಗೊತ್ತಿರೋದು ಅವಳೊಬ್ಬಳಿಗೆ, ಏಕೆಂದರೆ ಮಾರನೇ ದಿನ ಯಾರ ಬುರುಡೆಯಲ್ಲಿ ಎಷ್ಟು ಎಣ್ಣೆ ಉಳಿದಿದೆ ಅಂತ ನೋಡೋಳು ಅವಳೇ. ನಿಮ್ಮ ಕತೆಯ ಕಳ್ಳನನ್ನು ಹಿಡಿಯೋದೂ ಅವಳೇ ಆಗಬಹುದು.

ಇನ್ನೊಂದು ಮಾತು. ಲಕ್ಷ ಪುಸ್ತಕ ನೋಡಿಕೊಳ್ಳೋಕೆ ನೀವು ಒಬ್ಬನೇ ಒಬ್ಬ ಮುದಿ ಗ್ರಂಥಪಾಲಕನನ್ನು ಇಟ್ಟಿದ್ದೀರಿ. ಪಾಪ. ಕ್ರಿ.ಶ. 1058ರ ನಾಗಾವಿ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನಕ್ಕೆ, ಅಂದರೆ ಉನ್ನತ ವಿದ್ಯೆಯ ಕೇಂದ್ರಕ್ಕೆ, ಆರು ಜನ ಸರಸ್ವತೀ ಭಂಡಾರಿಗರನ್ನು ನೇಮಿಸಿದ್ದು ಇದೆ. ಸರಸ್ವತೀ ಭಂಡಾರ ಅಂದರೆ ಪುಸ್ತಕದ ಉಗ್ರಾಣ. ಎಂಥ ಹೆಸರು ನೋಡಿ! ನಿಮ್ಮ ಕಾದಂಬರಿಗೆ ಇಂಥ ಒಂದು ಪದವಿಯ ಹೆಸರು ಸಿಕ್ಕರೆ ಎರಡು ಪುಟದ ವರ್ಣನೆ ಉಳಿಯುತ್ತದೆ.

ಪ್ರಶ್ನೆ: ನನ್ನ ರಾಜ್ಯದವರು ಯಾವುದರ ಮೇಲೆ ಬರೆಯಬೇಕು? ಸುಮ್ನೆ ಕಾಗದ ಅಂದರೆ ಸಾಲದಾ?

ಸಾಲುತ್ತದೆ. ಆದರೆ ಒಳ್ಳೆ ಅವಕಾಶ ಕೈಬಿಟ್ಟ ಹಾಗೆ. ಯಾವುದರ ಮೇಲೆ ಬರೆಯುತ್ತಾರೆ ಅನ್ನೋದರ ಮೇಲೆ ನಿಮ್ಮ ರಾಜ್ಯದ ಅರ್ಧ ವ್ಯವಹಾರ ನಿಂತಿರುತ್ತದೆ.

ಚರ್ಮದ ಹಾಳೆ ಅಂತ ಇಟ್ಟುಕೊಳ್ಳಿ. ಗುಟೆನ್‌ಬರ್ಗ್ 1450ರ ದಶಕದಲ್ಲಿ ಬೈಬಲ್ ಅಚ್ಚು ಮಾಡಿದಾಗ ಕೆಲವು ಪ್ರತಿಗಳನ್ನು ಕರುವಿನ ಚರ್ಮದ ಮೇಲೆ ಮಾಡಿದ. ಅಂಥ ಒಂದು ಪ್ರತಿಗೆ ಸುಮಾರು 170 ಕರುಗಳ ಚರ್ಮ ಬೇಕಿತ್ತು. ಹಾಗಾದರೆ ನಿಮ್ಮ ವಿದ್ಯಾರಾಜ್ಯದ ಸುತ್ತ ದೊಡ್ಡ ದೊಡ್ಡ ಹುಲ್ಲುಗಾವಲು ಬೇಕು, ದನ ಕಾಯೋರು ಬೇಕು, ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ ಹೆರೆಯೋರು ಬೇಕು. ಊರಿನ ಒಂದು ದಿಕ್ಕು ಪೂರ್ತಿ ನಾರುತ್ತಿರುತ್ತದೆ. ಜ್ಞಾನದ ರಾಜಧಾನಿಗೆ ಬಂದ ಹುಡುಗನ ಮೂಗಿಗೆ ಮೊದಲು ಬಡಿಯೋದು ಆ ವಾಸನೆ. ಪ್ಯಾಪಿರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆ, ಅಂತ ಇಟ್ಟುಕೊಂಡರೆ ನದಿ ಬೇಕು, ಜೌಗು ನೆಲ ಬೇಕು, ಆ ನೆಲ ಇರುವ ರಾಜ ಮುನಿಸಿಕೊಂಡರೆ ನಿಮ್ಮ ಬರಹ ನಿಂತೇ ಹೋಗುತ್ತದೆ.

ಓಲೆಗರಿ ನನಗೆ ತುಂಬಾ ಇಷ್ಟ. ಒಂದು ಹಸ್ತಪ್ರತಿ ಭಂಡಾರದಲ್ಲಿ ಒಮ್ಮೆ ಹಳೇ ಓಲೆಕಟ್ಟು ಬಿಚ್ಚೋದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕೆಂಪು ಬಟ್ಟೆ ಬಿಚ್ಚಿದರು, ಮೇಲೆ ಕೆಳಗೆ ಇದ್ದ ಮರದ ಹಲಗೆ ತೆಗೆದರು, ದಾರ ಸಡಿಲ ಮಾಡಿದರು. ಮೊದಲ ಗರಿ ನೋಡಿದರೆ ಏನೂ ಇಲ್ಲ, ಖಾಲಿ. ಸ್ವಲ್ಪ ವಾರೆ ಹಿಡಿದಾಗ ಗೀರುಗಳು ಕಂಡವು. ಅಕ್ಷರಗಳನ್ನು ಕಬ್ಬಿಣದ ಮೊನೆಯಿಂದ ಕೊರೆದಿದ್ದರು, ಮಸಿ ಎಂದೋ ಹೋಗಿತ್ತು. ಅವರು ಒಂದಿಷ್ಟು ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿ ಮೇಲೆ ಸವರಿದರು, ಗರಿ ಪೂರ್ತಿ ಕಪ್ಪಾಯಿತು, ಆಮೇಲೆ ಬಟ್ಟೆಯಿಂದ ಒರೆಸಿದರು. ಗೀರಿನೊಳಗೆ ಮಾತ್ರ ಕಪ್ಪು ಉಳಿಯಿತು. ಒಂದೊಂದೇ ಸಾಲು ಎದ್ದು ಬಂತು. ಯಾರೂ ಮಾತಾಡಲಿಲ್ಲ. ನನ್ನ ಮೈ ಜುಂ ಅಂದಿತು. ಆ ಒಂದು ನಿಮಿಷವನ್ನು ನಿಮ್ಮ ಕತೆಗೆ ಹಾಕಿ ನೋಡಿ, ಬೇರೆ ಮಂತ್ರವೇ ಬೇಡ.

ಶಾಯಿ ಬೇಕಿದ್ದರೆ ಮಾಚಿಕಾಯಿಯನ್ನು ಕುಟ್ಟಿ ನೀರಲ್ಲಿ ನೆನೆಸಿ ಅದಕ್ಕೆ ಅನ್ನಭೇದಿ (ಕಬ್ಬಿಣದ ಒಂದು ಲವಣ), ಗೋಂದು ಸೇರಿಸಿ ಮಾಡುತ್ತಿದ್ದದ್ದನ್ನು ಬಳಸಿ. ಯುರೋಪಿನಲ್ಲಿ ನೂರಾರು ವರ್ಷ ಇದೇ ನಡೆದದ್ದು. ಬರೆಯುವಾಗ ತೆಳುವಾಗಿ ಕಾಣುತ್ತದೆ, ಗಾಳಿ ತಗಲಿದಂತೆ ಕಡುಕಪ್ಪಾಗುತ್ತದೆ. ಅನ್ನಭೇದಿ ಜಾಸ್ತಿಯಾದರೆ ವರ್ಷಗಳು ಕಳೆದ ಮೇಲೆ ಶಾಯಿಯೇ ಹಾಳೆಯನ್ನು ತಿಂದು ತೂತು ಮಾಡುತ್ತದೆ. ಬರೆದವನ ಕೈತಪ್ಪು ಮೊಮ್ಮಕ್ಕಳ ಕಾಲದಲ್ಲಿ ಗೊತ್ತಾಗುವ ಕತೆ ಇದರಲ್ಲಿ ಆಗಲೇ ಇದೆ.

ಪ್ರಶ್ನೆ: ನನ್ನ ರಾಜ್ಯದಲ್ಲಿ ಮಂತ್ರ ಹೇಳಿದರೆ ಪುಸ್ತಕ ತಾನೇ ನಕಲಾಗುತ್ತದೆ. ಹಾಗಾದರೆ ಲಿಪಿಕಾರರೇ ಬೇಡ ಅಲ್ವಾ?

ಲಿಪಿಕಾರರು ಬೇಡ, ಸರಿ. ಆದರೆ ತಿದ್ದೋರು ಹತ್ತು ಪಟ್ಟು ಜಾಸ್ತಿ ಬೇಕು. ಮಂತ್ರ ತಪ್ಪನ್ನೂ ಹಾಗೇ ನಕಲು ಮಾಡುತ್ತದಲ್ಲ. ಔಷಧದ ಪುಸ್ತಕದಲ್ಲಿ ಒಂದು ಅಳತೆ ತಪ್ಪಿದ್ದರೆ ಒಂದೇ ರಾತ್ರಿಯಲ್ಲಿ ಸಾವಿರ ಊರಿಗೆ ಆ ತಪ್ಪು ಹೋಗುತ್ತದೆ. 9ನೇ ಶತಮಾನದ ಬಾಗ್ದಾದಿನಲ್ಲಿ ಗ್ರೀಕ್ ವೈದ್ಯ ಗ್ರಂಥಗಳನ್ನು ಅನುವಾದ ಮಾಡುತ್ತಿದ್ದ ಹುನೈನ್ ಇಬ್ನ್ ಇಸ್ಹಾಕ್ ಸಿಕ್ಕ ಮೊದಲ ಪ್ರತಿಯನ್ನು ನಂಬುತ್ತಿರಲಿಲ್ಲ. ಒಂದೇ ಪುಸ್ತಕದ ಹಲವು ಪ್ರತಿ ಕೂಡಿಸಿ, ಪಕ್ಕಪಕ್ಕ ಇಟ್ಟು ಹೋಲಿಸಿ, ಯಾವುದು ಸರಿ ಅಂತ ತೀರ್ಮಾನಿಸಿ ಆಮೇಲೆ ಅನುವಾದಕ್ಕೆ ಕೈಹಾಕುತ್ತಿದ್ದ. ನಿಮ್ಮ ಮಾಂತ್ರಿಕ ರಾಜ್ಯದ ದೊಡ್ಡ ಹೀರೋ ಅಂಥ ತಿದ್ದುವವಳು ಯಾಕಾಗಬಾರದು?

ಪ್ರಶ್ನೆ: ವಿದ್ಯಾರಾಜ್ಯಕ್ಕೆ ಸೈನ್ಯ ಇಲ್ಲ. ಸುತ್ತ ಬಲಿಷ್ಠ ರಾಜರಿದ್ದಾರೆ. ಅವರು ಯಾಕೆ ದಾಳಿ ಮಾಡಿ ಎಲ್ಲ ದೋಚಿಕೊಂಡು ಹೋಗಬಾರದು? ನನಗೆ ನಂಬುವಂಥ ಕಾರಣ ಸಿಗುತ್ತಿಲ್ಲ.

ಇದು ಈ ತಿಂಗಳು ಬಂದ ಪ್ರಶ್ನೆಗಳಲ್ಲೇ ಗಟ್ಟಿಯಾದದ್ದು.

ಪಂಡಿತರ ಕೈಯಲ್ಲಿ ಒಂದು ಆಯುಧ ಇತ್ತು. ಎದ್ದು ಹೊರಟುಹೋಗೋದು. 1229ರಲ್ಲಿ ಪ್ಯಾರಿಸಿನಲ್ಲಿ ಹೆಂಡದಂಗಡಿಯ ಬಿಲ್ಲಿನ ವಿಷಯಕ್ಕೆ ವಿದ್ಯಾರ್ಥಿಗಳಿಗೂ ಊರವರಿಗೂ ಜಗಳ ಹತ್ತಿತು, ಮಾರನೇ ದಿನ ದೊಂಬಿಯಾಯಿತು, ಕಾವಲುಗಾರರು ಕೆಲವು ವಿದ್ಯಾರ್ಥಿಗಳನ್ನು ಕೊಂದರು. ಅಧ್ಯಾಪಕರು ಪಾಠ ನಿಲ್ಲಿಸಿದರು. ಎಷ್ಟೋ ಜನ ಗುರುಗಳು, ಶಿಷ್ಯರು ಗಂಟುಮೂಟೆ ಕಟ್ಟಿ ಬೇರೆ ಊರುಗಳಿಗೆ ಹೋದರು. ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ 1231ರಲ್ಲಿ ಪೋಪ್ ನಡುವೆ ಬಂದು, ವಿಶ್ವವಿದ್ಯಾಲಯಕ್ಕೆ ಅದರ ಹಕ್ಕುಗಳನ್ನು ಬರೆದು ಕೊಟ್ಟಮೇಲೆ ಎಲ್ಲ ತಣ್ಣಗಾಯಿತು. ಅದಕ್ಕೂ 20 ವರ್ಷ ಮೊದಲು, 1209ರಲ್ಲಿ, ಆಕ್ಸ್‌ಫರ್ಡಿನಲ್ಲಿ ಊರವರ ಜೊತೆ ಗಲಾಟೆಯಾಗಿ ಹೊರಟವರಲ್ಲಿ ಕೆಲವರು ಕೇಂಬ್ರಿಡ್ಜಿಗೆ ಹೋಗಿ ಕೂತರು. ಅಲ್ಲೇ ಇನ್ನೊಂದು ವಿಶ್ವವಿದ್ಯಾಲಯ ಆಯಿತು.

ರಾಜ ದಾಳಿ ಮಾಡಿದರೆ ಅವನಿಗೆ ಕಟ್ಟಡ ಸಿಗುತ್ತದೆ, ಜನ ಸಿಗೋದಿಲ್ಲ. ಪುಸ್ತಕ ದೋಚಿದರೂ ಓದಿ ಅರ್ಥ ಹೇಳೋರು ಬೇಕು. ಇದನ್ನು ನಿಮ್ಮ ಸುತ್ತಲ ರಾಜರಿಗೆ ಒಂದು ಸಲ ಪೆಟ್ಟು ತಿಂದು ಗೊತ್ತಾಗಿರುವ ಹಾಗೆ ಮಾಡಿ. ನೂರು ವರ್ಷದ ಹಿಂದೆ ಒಬ್ಬ ರಾಜ ದಾಳಿ ಮಾಡಿದ, ಪಂಡಿತರೆಲ್ಲ ಅವನ ವೈರಿಯ ಊರಿಗೆ ಹೋದರು, ಆ ವೈರಿ ಮೂರೇ ವರ್ಷದಲ್ಲಿ ಒಳ್ಳೆ ಸೇತುವೆ, ಒಳ್ಳೆ ವೈದ್ಯರು, ಒಳ್ಳೆ ಪಂಚಾಂಗ ಎಲ್ಲ ಪಡೆದು ಇವನನ್ನು ಮುಗಿಸಿದ. ಇಷ್ಟು ಹಿನ್ನೆಲೆ ಸಾಕು.

ಎರಡನೇ ಕಾರಣ, ಅಕ್ಕಪಕ್ಕದ ರಾಜರೆಲ್ಲರ ಮಕ್ಕಳೂ ಅಲ್ಲೇ ಓದುತ್ತಿರಲಿ. ಆಗ ದಾಳಿ ಮಾಡುವವನಿಗೆ ಮೊದಲು ತನ್ನ ಮಗಳ ಮುಖ ನೆನಪಾಗುತ್ತದೆ. ಪ್ರೀತಿಗೂ ಒತ್ತೆಗೂ ನಡುವೆ ಇರುವ ಈ ಗೆರೆಯ ಮೇಲೆ ಎಷ್ಟು ದೃಶ್ಯ ಬೇಕಾದರೂ ಬರೆಯಬಹುದು.

ಆದರೆ ರಕ್ಷಣೆ ಪೂರ್ತಿ ಗಟ್ಟಿಯಾಗಿರಬಾರದು, ಕತೆ ಹುಟ್ಟೋದು ಬಿರುಕಿನಲ್ಲೇ. ನಮಗೆಲ್ಲ ಗೊತ್ತಿರುವ ಮಯೂರಶರ್ಮನ ಕತೆ ನೋಡಿ. ಗುರು ವೀರಶರ್ಮರ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಅವಮಾನ ತಡೆಯಲಾಗದೆ, ದರ್ಭೆ ಸಮಿತ್ತು ಹಿಡಿದು ಪಳಗಿದ ಕೈಯಿಂದಲೇ ಖಡ್ಗ ಎತ್ತಿದ ಅಂತ ತಾಳಗುಂದ ಶಾಸನ ಹೇಳುತ್ತದೆ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ. ಓದೋಕೆ ಬಂದ ಹುಡುಗನಿಗೆ ಬೀದಿಯಲ್ಲಿ ಒಬ್ಬ ಸವಾರ ಮಾಡಿದ ಅವಮಾನ ಎಷ್ಟು ದೂರ ಹೋಗಬಹುದು ಅಂತ ಇದನ್ನು ಓದಿದಾಗಲೆಲ್ಲ ಅನಿಸುತ್ತದೆ. ನಿಮ್ಮ ರಾಜ್ಯದ ಬಾಗಿಲಲ್ಲಿ ಯಾರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಒಮ್ಮೆ ಯೋಚಿಸಿ.

ಪ್ರಶ್ನೆ: ವಿದ್ಯಾರಾಜ್ಯದ ಪ್ರವೇಶ ಪರೀಕ್ಷೆ ದೃಶ್ಯ ಬರೆಯಬೇಕು. ಎಲ್ಲರೂ ಒಗಟು ಕೇಳಿಸುತ್ತಾರೆ. ಬೇರೆ ಏನು ಮಾಡಬಹುದು?

ಒಗಟು ಬೇಡವೇ ಬೇಡ. ಒಗಟಿಗೆ ಉತ್ತರ ಹೊಳೆದರೆ ಹುಡುಗ ಚುರುಕು ಅಂತ ಗೊತ್ತಾಗುತ್ತದೆ, ಅಷ್ಟೇ.

ನಳಂದಾದ ಬಾಗಿಲಲ್ಲಿ ಕಾವಲಿದ್ದವನೇ ಕಷ್ಟದ ಪ್ರಶ್ನೆ ಕೇಳುತ್ತಿದ್ದ, ಬಂದ ಹತ್ತು ಜನರಲ್ಲಿ ಏಳೆಂಟು ಜನ ಉತ್ತರ ಕೊಡಲಾಗದೆ ವಾಪಸ್ ಹೋಗುತ್ತಿದ್ದರು ಅಂತ ಹ್ಯೂಯೆನ್‌ತ್ಸಾಂಗ್ ಬರೆದಿದ್ದಾನೆ. ನನಗೆ ಆ ವಾಪಸ್ ಹೋದ ಏಳೆಂಟು ಜನರ ಮೇಲೇ ಕಣ್ಣು. ತಿಂಗಳುಗಟ್ಟಲೆ ನಡೆದು ಬಂದವರು. ಊರಲ್ಲಿ ಹೇಳಿ ಬಂದವರು. ಅವರು ಎಲ್ಲಿಗೆ ಹೋದರು? ನಿಮ್ಮ ರಾಜ್ಯದ ಬಾಗಿಲ ಹೊರಗೆ ಅಂಥವರದ್ದೇ ಒಂದು ಕೇರಿ ಬೆಳೆದಿರಲಿ. ಮುಂದಿನ ವರ್ಷ ಮತ್ತೆ ನೋಡೋಣ ಅಂತ ಉಳಿದವರು, ಉಳಿದು ಉಳಿದು ಅಲ್ಲೇ ಮದುವೆಯಾಗಿ ಮಕ್ಕಳಾದವರು, ಬಾಗಿಲ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಂಡು ಹೊಸಬರಿಗೆ ಪಾಠ ಹೇಳಿ ಹೊಟ್ಟೆ ಹೊರೆಯೋರು. ಕೇರಿಯ ಮಗುವೊಂದಕ್ಕೆ ಒಳಗಿನವರಿಗಿಂತ ಜಾಸ್ತಿ ಗೊತ್ತಿರಬಹುದು.

ಇನ್ನೊಂದು ದಾರಿ ಚೀನಾದ್ದು. ಸಾಂಗ್ ವಂಶದ ಕಾಲದಲ್ಲಿ ಸರ್ಕಾರಿ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಹೆಸರನ್ನು ಮುಚ್ಚಿಬಿಡುತ್ತಿದ್ದರು. ಅಷ್ಟೇ ಸಾಲದು, ಕೈಬರಹ ನೋಡಿ ಗುರುತು ಹಿಡಿದಾರು ಅಂತ, ಗುಮಾಸ್ತರು ಪ್ರತಿ ಉತ್ತರವನ್ನೂ ಮತ್ತೆ ಬರೆದು ಆ ನಕಲನ್ನು ಮಾತ್ರ ಪರೀಕ್ಷಕರಿಗೆ ಕೊಡುತ್ತಿದ್ದರು. ಈಗ ಯೋಚಿಸಿ, ರಾತ್ರಿ ದೀಪದ ಕೆಳಗೆ ಒಬ್ಬ ಗುಮಾಸ್ತ ಯಾರದೋ ಉತ್ತರ ನಕಲು ಮಾಡುತ್ತಿದ್ದಾನೆ. ಅದ್ಭುತವಾದ ಉತ್ತರ, ಆದರೆ ಒಂದು ಕಡೆ ಸಣ್ಣ ತಪ್ಪಿದೆ. ತಿದ್ದಿದರೆ ಈ ಹುಡುಗಿ ಪಾಸು. ತಿದ್ದಿದ್ದು ಗೊತ್ತಾದರೆ ಇವನ ಕತೆ ಮುಗಿಯಿತು. ಅವನ ಲೇಖನಿ ಹಾಳೆ ಮೇಲೆ ನಿಂತಿದೆ. ನನಗಂತೂ ಆ ಹುಡುಗಿ ಹೇಗೆ ಬರೆದಳು ಅನ್ನೋದಕ್ಕಿಂತ ಈತ ಏನು ಮಾಡುತ್ತಾನೆ ಅಂತ ಓದೋ ಆಸೆ.

ಪ್ರಶ್ನೆ: ಇಂಥ ರಾಜ್ಯವನ್ನು ಮೊದಲು ಕಲ್ಪಿಸಿದವರು ಯಾರು?

ಮೊದಲು ಯಾರು ಅಂತ ಬೆರಳು ತೋರಿಸೋದು ಕಷ್ಟ. ಆದರೆ ತುಂಬಾ ಪ್ರಭಾವ ಬೀರಿದ್ದು ಇಂಗ್ಲೆಂಡಿನ ಚಿಂತಕ ಫ್ರಾನ್ಸಿಸ್ ಬೇಕನ್‌ನ 'ನ್ಯೂ ಅಟ್ಲಾಂಟಿಸ್'. 1626ರಲ್ಲಿ ಆತ ತೀರಿಕೊಂಡ ಮೇಲೆ ಅಚ್ಚಾಯಿತು, ಅರ್ಧಕ್ಕೇ ನಿಂತ ಪುಸ್ತಕ. ಅದರಲ್ಲಿ ಒಂದು ದ್ವೀಪ, ಆ ದ್ವೀಪದಲ್ಲಿ ಸಾಲೊಮನ್ನನ ಮನೆ ಅನ್ನುವ ವಿದ್ಯಾಸಂಸ್ಥೆ. ಅಲ್ಲಿಯ 12 ಜನ ತಮ್ಮ ಗುರುತು ಮರೆಮಾಚಿ ಬೇರೆ ದೇಶಗಳಿಗೆ ಹಡಗಿನಲ್ಲಿ ಹೋಗಿ ಪುಸ್ತಕ, ಪ್ರಯೋಗ, ವಿಷಯ ಎಲ್ಲ ತರುತ್ತಾರೆ. 1660ರಲ್ಲಿ ಲಂಡನ್ನಿನಲ್ಲಿ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘ ಕಟ್ಟಿದವರ ಮನಸ್ಸಿನಲ್ಲಿ ಈ ಕಲ್ಪನೆಯ ಮನೆ ಇತ್ತು. ಕತೆಯಲ್ಲಿ ಕಟ್ಟಿದ್ದು ನಿಜವಾಗಿ ನೆಲದ ಮೇಲೆ ಎದ್ದಿತು. ಬರೆಯುವವರಿಗೆ ಇದಕ್ಕಿಂತ ಧೈರ್ಯ ಕೊಡುವ ವಿಷಯ ಬೇಕಾ?

ಪ್ರಶ್ನೆ: ಪಂಡಿತರೆಲ್ಲ ಒಳ್ಳೆಯವರೇ ಆಗಿಬಿಟ್ಟಿದ್ದಾರೆ ನನ್ನ ಕತೆಯಲ್ಲಿ. ಕೆಟ್ಟವರನ್ನು ಹೊರಗಿನಿಂದಲೇ ತರಬೇಕಾ?

ಬೇಡ. ಪುಸ್ತಕದ ಮೇಲಿನ ಪ್ರೀತಿಯೇ ಎಷ್ಟು ಕೆಟ್ಟ ಕೆಲಸ ಮಾಡಿಸುತ್ತದೆ ಅಂತ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಕತೆ ಹೇಳುತ್ತದೆ. ಬಂದರಿಗೆ ಬಂದ ಹಡಗುಗಳಲ್ಲಿ ಪುಸ್ತಕ ಇದ್ದರೆ ತೆಗೆದುಕೊಂಡು ಹೋಗಿ ನಕಲು ಮಾಡಿ, ನಕಲನ್ನು ಮಾಲೀಕನಿಗೆ ವಾಪಸ್ ಕೊಟ್ಟು ಮೂಲವನ್ನು ತಾವೇ ಇಟ್ಟುಕೊಳ್ಳುತ್ತಿದ್ದರು ಅಂತ ವೈದ್ಯ ಗೇಲನ್ ಬರೆದಿದ್ದಾನೆ. ಅಥೆನ್ಸಿನವರ ಹತ್ತಿರ ಮೂವರು ದೊಡ್ಡ ನಾಟಕಕಾರರ ಅಧಿಕೃತ ಪ್ರತಿಗಳಿದ್ದವು. ರಾಜ ಮೂರನೇ ಟಾಲೆಮಿ 15 ಟ್ಯಾಲೆಂಟ್ (ಆಗಿನ ಒಂದು ದೊಡ್ಡ ತೂಕ) ಬೆಳ್ಳಿ ಠೇವಣಿ ಇಟ್ಟು ಅವನ್ನು ಎರವಲು ತಂದ. ಚೆಂದದ ನಕಲು ಮಾಡಿಸಿ ನಕಲನ್ನೇ ವಾಪಸ್ ಕಳಿಸಿದ. ಬೆಳ್ಳಿ ನೀವೇ ಇಟ್ಟುಕೊಳ್ಳಿ ಅಂದ.

ಇದನ್ನು ಮಾಡಿದವರು ರಾಕ್ಷಸರಲ್ಲ. ಪುಸ್ತಕ ನಮ್ಮ ಹತ್ತಿರ ಇದ್ದರೇ ಕ್ಷೇಮ ಅಂತ ಮನಸಾರೆ ನಂಬಿದವರು. ನಿಮ್ಮ ಒಳ್ಳೆ ಪಂಡಿತರಲ್ಲಿ ಒಬ್ಬರಿಗೆ ಆ ನಂಬಿಕೆ ಕೊಡಿ. ಪುಸ್ತಕ ಕಳೆದುಕೊಂಡವಳನ್ನು ಅವರ ಎದುರು ತಂದು ನಿಲ್ಲಿಸಿ. ಅವಳ ಅಜ್ಜಿ ಬರೆದ ಪುಸ್ತಕ ಅದು, ಅಂಚಿನಲ್ಲಿ ಅಜ್ಜಿಯ ಕೈಬರಹ ಇತ್ತು, ನಕಲಿನಲ್ಲಿ ಅದಿಲ್ಲ. ಅವಳಿಗೆ ಅವರು ಏನು ಹೇಳುತ್ತಾರೆ?

ಬೇಕನ್‌ನ ದ್ವೀಪದಲ್ಲೂ ಒಂದು ಕತ್ತಲೆ ಮೂಲೆ ಇದೆ. ಅಲ್ಲಿಯ ಪಂಡಿತರು ಯಾವ ಶೋಧನೆಯನ್ನು ಹೊರಗೆ ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಅಂತ ಸೇರಿ ತೀರ್ಮಾನ ಮಾಡುತ್ತಾರೆ, ಕೆಲವನ್ನು ಸರ್ಕಾರಕ್ಕೂ ಹೇಳೋದಿಲ್ಲ. ಮುಚ್ಚಿಡೋದು ಸರಿಯಾ ತಪ್ಪಾ ಅಂತ ಕೇಳಿದರೆ ನನಗೆ ಮುಚ್ಚಿಡೋರ ಮೇಲೆ ನಂಬಿಕೆ ಕಡಿಮೆ. ವಿಷದ ಪಾಕ ಮುಚ್ಚಿಡಲಿ, ಒಪ್ಪುತ್ತೇನೆ. ಆದರೆ ಒಮ್ಮೆ ಮುಚ್ಚಿಡೋ ಕೋಣೆ ಕಟ್ಟಿದರೆ ಅದರೊಳಗೆ ವಿಷದ ಜೊತೆ ಜ್ವರದ ಔಷಧವೂ ಸೇರಿಕೊಳ್ಳುತ್ತದೆ. ಬೀಗದ ಕೈ ಇದ್ದವನಿಗೆ ಬೆಲೆ ಬರೋದೇ ಹಾಗೆ.

ಪ್ರಶ್ನೆ: ಗುರುಗಳೇ ಆಳಬೇಕಾ, ರಾಜ ಬೇಕಾ?

ವಿದ್ಯಾರ್ಥಿಗಳೂ ಆಳಬಹುದು. ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದಲ್ಲಿ ನಡೆದಿದ್ದು ಅದೇ. ಸಂಘ ಕಟ್ಟಿಕೊಂಡಿದ್ದವರು ವಿದ್ಯಾರ್ಥಿಗಳು. ಗುರು ತಡವಾಗಿ ಪಾಠ ಶುರು ಮಾಡಿದರೆ ದಂಡ, ಕಷ್ಟದ ಭಾಗ ಹಾರಿಸಿದರೆ ದಂಡ, ಊರು ಬಿಟ್ಟು ಹೋಗಬೇಕಾದರೆ ಅಪ್ಪಣೆ ಕೇಳಬೇಕು. ಈ ಕ್ರಮ ಇರುವ ಕಲ್ಪನೆಯ ರಾಜ್ಯವನ್ನು ನಾನು ಇನ್ನೂ ಓದಿಲ್ಲ. ಯಾರಾದರೂ ಬರೆಯಿರಿ ದಯವಿಟ್ಟು.

ಪ್ರಶ್ನೆ: ಕೊನೆಯಲ್ಲಿ ಗ್ರಂಥಾಲಯಕ್ಕೆ ಬೆಂಕಿ ಬೀಳುತ್ತದೆ. ಎಲ್ಲರೂ ಇದನ್ನೇ ಬರೆಯುತ್ತಾರೆ ಅಂತ ಸಂಪಾದಕರೊಬ್ಬರು ಅಂದರು. ಬೇಜಾರಾಗಿದೆ. ಬದಲಿಸಲಾ?

ಬೇಜಾರು ಮಾಡಿಕೊಳ್ಳಬೇಡಿ. ಬೆಂಕಿ ನಿಜವಾಗಿಯೂ ಬಿದ್ದಿದೆ, ಬಾಗ್ದಾದ್ 1258ರಲ್ಲಿ ಮಂಗೋಲರ ಕೈಯಲ್ಲಿ ಹಾಳಾಗಿದೆ. ಬರೆಯಬಾರದು ಅಂತೇನಿಲ್ಲ. ಆದರೆ ಪುಸ್ತಕಗಳು ಬೆಂಕಿಗಿಂತ ಜಾಸ್ತಿ ಸದ್ದಿಲ್ಲದೆ ಹೋಗಿವೆ. ಯಾರೂ ನಕಲು ಮಾಡಲಿಲ್ಲ, ಅದಕ್ಕೇ ಹೋದವು. ಆಗಲೇ ಹೇಳಿದ ಹುನೈನ್, ಗೇಲನ್‌ನ ಒಂದು ಗ್ರಂಥಕ್ಕಾಗಿ ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟ್ ಎಲ್ಲ ಅಲೆದ. ಡಮಾಸ್ಕಸ್‌ನಲ್ಲಿ ಸುಮಾರು ಅರ್ಧ ಮಾತ್ರ ಸಿಕ್ಕಿತು. ಆ ಅರ್ಧ ಪುಸ್ತಕವನ್ನು ಕೈಯಲ್ಲಿ ಹಿಡಿದು ನಿಂತವನ ಸಂಕಟ ಬೆಂಕಿಯ ದೃಶ್ಯಕ್ಕೇನು ಕಡಿಮೆ?

ಹ್ಯೂಯೆನ್‌ತ್ಸಾಂಗ್‌ಗೂ ಹೀಗೇ ಆಯಿತು. ವರ್ಷಗಟ್ಟಲೆ ಕೂಡಿಸಿದ ಗ್ರಂಥಗಳನ್ನು ಹೊತ್ತು ವಾಪಸ್ ಹೊರಟವನು ಸಿಂಧೂ ನದಿ ದಾಟುವಾಗ ಗಾಳಿ ಎದ್ದು ದೋಣಿ ಹೊಯ್ದಾಡಿ ಸುಮಾರು 50 ಹಸ್ತಪ್ರತಿ ನೀರುಪಾಲಾದವು. ಆತ ಅಲ್ಲೇ ಸುಮಾರು 50 ದಿನ ನಿಂತು ಅವನ್ನು ಮತ್ತೆ ಬರೆಸೋಕೆ ಜನ ಕಳಿಸಿದ. ಕೊನೆಗೆ 645ರಲ್ಲಿ 657 ಗ್ರಂಥಗಳ ಜೊತೆ ಚೀನಾ ತಲುಪಿದ. ಉಳಿದ ಸುಮಾರು 19 ವರ್ಷ ಅವುಗಳ ಅನುವಾದದಲ್ಲೇ ಕಳೆದ.

ನಿಮ್ಮ ಬೆಂಕಿ ಇರಲಿ. ಒಂದೇ ಒಂದು ಬದಲಾವಣೆ ಮಾಡಿ. ಬೆಂಕಿ ಆರಿದ ಮಾರನೇ ದಿನ ಯಾರು ಏನು ಮಾಡುತ್ತಾರೆ ಅಂತ ಒಂದು ಅಧ್ಯಾಯ ಬರೆಯಿರಿ. ಯಾರಿಗೆ ಯಾವ ಪುಸ್ತಕ ಎಷ್ಟು ಬಾಯಿಪಾಠ ಇದೆ ಅಂತ ಅಂಗಳದಲ್ಲಿ ಕೂಡಿ ಲೆಕ್ಕ ಹಾಕುತ್ತಾರೆ. ಪಂಡಿತರಿಗೆ ಮೊದಲ ಅಧ್ಯಾಯಗಳು ಬರುತ್ತವೆ, ಕೊನೆಯದು ಯಾರಿಗೂ ಬರೋದಿಲ್ಲ. ಆಗ ನಕಲು ಮಾಡುತ್ತಿದ್ದ ಮುದುಕನೊಬ್ಬ ಹಿಂದಿನಿಂದ ಎದ್ದು ನಿಲ್ಲುತ್ತಾನೆ. ಅದನ್ನು ಅವನು ಜೀವನದಲ್ಲಿ ಹನ್ನೊಂದು ಸಲ ಬರೆದಿದ್ದಾನೆ.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳು ಒಂದು ರಾಜ್ಯ ಕಟ್ಟಿದ್ದಾಳೆ, ಅಲ್ಲಿ ಎಲ್ಲರೂ ಓದುತ್ತಲೇ ಇರುತ್ತಾರೆ, ಬೇರೆ ಕೆಲಸ ಯಾರಿಗೂ ಇಲ್ಲ. ನಕ್ಷೆ ಕೂಡ ಬರೆದಿದ್ದಾಳೆ. ಇದು ಸಾಧ್ಯವಿಲ್ಲ ಅಂತ ಹೇಳಿದರೆ ಬರೆಯೋದು ನಿಲ್ಲಿಸುತ್ತಾಳೇನೋ ಅಂತ ಭಯ. ಹೇಳಲಾ, ಬೇಡವಾ?

ಸಾಧ್ಯವಿಲ್ಲ ಅಂತ ಹೇಳಬೇಡಿ ಅಮ್ಮ. ನಕ್ಷೆ ಬರೆಯುವಷ್ಟು ಮನಸ್ಸಿಟ್ಟಿದ್ದಾಳೆ ಅಂದರೆ ಆ ರಾಜ್ಯ ಅವಳ ಪಾಲಿಗೆ ನಿಜ. ಪಕ್ಕದಲ್ಲಿ ಕೂತು ನಕ್ಷೆ ತೋರಿಸು ಅನ್ನಿ. ಎಲ್ಲ ಪೂರ್ತಿ ನೋಡಿ. ಆಮೇಲೆ ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ ಒಂದೇ ಪ್ರಶ್ನೆ ಕೇಳಿ, ಈ ಊರಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳೋರು ಯಾರು ಅಂತ. ಉತ್ತರ ಅವಳೇ ಹುಡುಕಲಿ, ನೀವು ಹೇಳಿಕೊಡಬೇಡಿ. ಏನು ಹೇಳಿದಳು ಅಂತ ನನಗೆ ಬರೆದು ಕಳಿಸಿ. ನಕ್ಷೆಯ ಒಂದು ಪ್ರತಿ ಕೂಡ ಇರಲಿ. ಮೂಲ ಅವಳ ಹತ್ತಿರವೇ ಇರಲಿ.